ಬಚ್ಚಲಿನ ನೀರು ಹರಿದ ದಾರಿ

ನಂದಿಬೆಟ್ಟದ ಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಮೊದಲಾದ ನದಿಗಳು ಹುಟ್ಟಿ ದಿಕ್ಕುದಿಕ್ಕಿಗೆ ಹೊರಡುತ್ತವೆಯಾದರೂ, ಅವುಗಳಲ್ಲಿ ಒಂದಾದರೂ ವರ್ಷಪೂರ್ತಿ ತುಂಬಿ ಹರಿದು ತವರಿನ ನೆಲವನ್ನು ತಣಿಸಿದ್ದಿಲ್ಲ. 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಕೋಲಾರಕ್ಕೆ ಸೇರಿದ್ದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸೀಮೆಯವರು ಆಕಾಶದಿಂದ ಬಿದ್ದ ನೀರನ್ನು ಕಟ್ಟೆ ಕಟ್ಟಿ ನಿಲ್ಲಿಸಿ, ಮೇಲಿನ ಕೆರೆಯ ಕೋಡಿಯಿಂದ ಕೆಳಗಿನ ಕೆರೆಗೆ ಇಳಿಸಿ, ತೂಬಿನಲ್ಲಿ ಅಳೆದು ಗದ್ದೆಗೆ ಬಿಟ್ಟು ಬದುಕಿದವರು. ಆ ಕೆರೆಗಳ ಚರಿತ್ರೆಯನ್ನು ಬರೆದವರುಂಟು, ಅವುಗಳ ಏರಿಯ ಮೇಲಿನ ಶಾಸನಗಳನ್ನು ಓದಿದವರುಂಟು. ಆದರೆ ಅದೇ ನೀರು ಬಾವಿಯಿಂದ ಕೊಡವೇರಿ ಮನೆಯನ್ನು ಹೊಕ್ಕು, ಮೈ ತೊಳೆದು, ಪಾತ್ರೆ ತೊಳೆದು, ಗೋಡೆಯ ಬುಡದ ಕಂಡಿಯಿಂದ ಹೊರಬಿದ್ದ ಮೇಲೆ ಎತ್ತ ಹೋಯಿತೆಂಬುದನ್ನು ವಿಚಾರಿಸಿದವರು ವಿರಳ. ಹಳೆಯ ಮನೆಗಳ ಬಚ್ಚಲನ್ನು ಕಿತ್ತು ಹೊಸ ಕೊಳವೆಗಳನ್ನು ಹೂಳುವ ಕೆಲಸವು ಈಗ ಈ ಊರುಗಳ ಬೀದಿಬೀದಿಯಲ್ಲಿಯೂ ನಡೆಯುತ್ತಿರುವುದರಿಂದ, ನೆಲದೊಳಗಿನ ಆ ಚರಿತ್ರೆಯನ್ನು ಒಮ್ಮೆ ಪರಾಮರ್ಶಿಸುವುದು ಉಚಿತವೆಂದು ನನಗೆ ತೋರಿದೆ.

ಹೊರಹೋಗುವ ನೀರನ್ನು ಕಂಡು ನಮ್ಮ ಪೂರ್ವಿಕರು ನಾಚಿದವರಲ್ಲ. ಶಿವಾಲಯಗಳ ಗರ್ಭಗುಡಿಯ ಉತ್ತರದ ಗೋಡೆಯಲ್ಲಿ ಅಭಿಷೇಕದ ನೀರು ಹೊರಬೀಳುವ ಪ್ರಣಾಳವನ್ನು ಶಿಲ್ಪಿಯು ಎಷ್ಟು ಶ್ರದ್ಧೆಯಿಂದ ಕಡೆದಿಡುತ್ತಿದ್ದನೆಂಬುದನ್ನು ನೋಡಿದವರು ಬಲ್ಲರು. ಪ್ರದಕ್ಷಿಣೆಗೆ ಹೊರಟ ಭಕ್ತನು ಅದನ್ನು ದಾಟದೆ ಹಿಂದಿರುಗುವ ಸಂಪ್ರದಾಯವೂ ಆ ನೀರಿಗೆ ಸಲ್ಲಿಸಿದ ಗೌರವವೇ ಆಗಿದೆ. ನಂದಿ ಗ್ರಾಮದ ಭೋಗನಂದೀಶ್ವರನ ಗುಡಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಶೃಂಗಿತೀರ್ಥದ ಕಲ್ಯಾಣಿಯ ಬಳಿ ನಿಂತವನಿಗೆ, ನೀರು ಬರುವುದಕ್ಕೂ ನಿಲ್ಲುವುದಕ್ಕೂ ಹೋಗುವುದಕ್ಕೂ ಒಂದೊಂದು ಸ್ಥಾನವನ್ನು ನಿಯಮಿಸಿದ ಮನಸ್ಸಿನ ಪರಿಚಯವು ತಾನೇ ತಾನಾಗಿ ಆಗುತ್ತದೆ.

ಗೃಹಸ್ಥನ ಮನೆಯಲ್ಲಿ ಈ ಮನಸ್ಸು ಬಚ್ಚಲುಮನೆಯಲ್ಲಿ ಕಾಣುತ್ತಿತ್ತು. ಮನೆಯ ಹಿಂಭಾಗದ ಒಂದು ಮೂಲೆ. ಅಲ್ಲಿ ಒಲೆಯ ಮೇಲೆ ಗಾರೆಯಿಂದ ಭದ್ರಪಡಿಸಿದ ತಾಮ್ರದ ಹಂಡೆ. ಈ ಸೀಮೆಯಲ್ಲಿ ಧಾರಾಳವಾಗಿ ದೊರೆಯುವ ಕಣಶಿಲೆಯ ಚಪ್ಪಡಿಯನ್ನು ಒಂದು ಪಕ್ಕಕ್ಕೆ ತುಸು ವಾಲಿಸಿ ಹಾಸಿದ ನೆಲ. ವಾಲಿದ ತುದಿಯಲ್ಲಿ ಗೋಡೆಯನ್ನು ಕೊರೆದು ಮಾಡಿದ ಅಂಗೈಯಗಲದ ಕಂಡಿ. ರಾತ್ರಿ ಹೆಗ್ಗಣವೋ ಹಾವೋ ಒಳಗೆ ನುಸುಳದಂತೆ ಆ ಕಂಡಿಗೆ ತೆಂಗಿನ ಗುಂಜನ್ನೋ ಬಟ್ಟೆ ಸುತ್ತಿದ ಕಲ್ಲನ್ನೋ ತುರುಕುವುದು ಮನೆಯ ಹಿರಿಯ ಹೆಂಗಸಿನ ಮಲಗುವ ಮುಂಚಿನ ಕರ್ತವ್ಯಗಳಲ್ಲಿ ಒಂದಾಗಿತ್ತು. ಕಂಡಿಯ ಹೊರಗೆ ಕಲ್ಲಿನ ಸಣ್ಣ ಕಾಲುವೆ, ಕಾಲುವೆಯ ಕೊನೆಯಲ್ಲಿ ಹಿತ್ತಲು, ಹಿತ್ತಲಿನಲ್ಲಿ ನಾಲ್ಕು ಬಾಳೆ, ಕೆಸುವಿನ ಮಡಿ, ದಾಸವಾಳ, ಕನಕಾಂಬರ. ಮೈಗೆ ಸೀಗೆಪುಡಿ ಕಡಲೆಹಿಟ್ಟುಗಳೂ ಪಾತ್ರೆಗೆ ಬೂದಿ ಹುಣಸೆಹಣ್ಣುಗಳೂ ಸಾಕಾಗಿದ್ದ ಕಾಲದಲ್ಲಿ ಆ ನೀರು ಗಿಡದ ಬುಡಕ್ಕೆ ಅಪಥ್ಯವಾಗುತ್ತಿರಲಿಲ್ಲ. ದೀಪಾವಳಿಯ ಮುನ್ನಾದಿನ ನೀರು ತುಂಬುವ ಹಬ್ಬದಂದು ಹಂಡೆಯನ್ನು ಉಜ್ಜಿ ಬೆಳಗಿ, ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿದು, ಹೂ ಮುಡಿಸಿ ಪೂಜಿಸುತ್ತಿದ್ದ ಗೃಹಿಣಿಗೆ, ಮರುದಿನ ಬೆಳಗ್ಗೆ ಮನೆಮಂದಿಯೆಲ್ಲ ಮಾಡಿದ ಎಣ್ಣೆಸ್ನಾನದ ನೀರು ಬಾಳೆಗೆ ಹೋಗುವುದರಲ್ಲಿ ಸೋಜಿಗವೇನೂ ಕಾಣುತ್ತಿರಲಿಲ್ಲ. ಬರಗಾಲದ ಸೀಮೆಯಲ್ಲಿ ಒಂದು ಕೊಡ ನೀರು ಎರಡು ಕೆಲಸ ಮಾಡದಿದ್ದರೆ ಸಂಸಾರ ಸಾಗುವುದು ಕಷ್ಟವೆಂಬುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಈ ಏರ್ಪಾಡಿನ ಇನ್ನೊಂದು ಗುಣವನ್ನು ಗಮನಿಸಬೇಕು. ಅದು ಆದ್ಯಂತವಾಗಿ ತೆರೆದ ದಾರಿ; ನೀರಿನ ಮೇಲೆ ಎಲ್ಲೆಡೆಯೂ ಗಾಳಿ ಆಡುತ್ತಿತ್ತು. ಆದುದರಿಂದ ಕೊಳೆತ ವಾಯುವು ಒಂದೆಡೆ ಕೂಡಿಕೊಂಡು ಮನೆಯೊಳಗೆ ಮರಳುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಮಲವಿಸರ್ಜನೆಗೆ ಊರಿನ ಹೊರಗಣ ಬಯಲು ಇದ್ದಷ್ಟು ಕಾಲ, ಜನಸಂಖ್ಯೆ ಮಿತವಾಗಿದ್ದಷ್ಟು ಕಾಲ, ಪ್ರತಿ ಮನೆಗೂ ಹಿತ್ತಲೊಂದು ಇದ್ದಷ್ಟು ಕಾಲ ಇದು ನಡೆಯಿತು. ಇದನ್ನು ನಾನು ಸುವರ್ಣಯುಗವೆಂದು ವರ್ಣಿಸುವವನಲ್ಲ. ಬಯಲಿಗೆ ಹೋಗಬೇಕಾದ ಹೆಂಗಸರು ಕತ್ತಲಾಗುವವರೆಗೆ ಕಾಯಬೇಕಾಗಿದ್ದ ದುಃಖವನ್ನೂ, ಅದೇ ಬಯಲಿನಿಂದ ಮಳೆಗಾಲದಲ್ಲಿ ಕುಂಟೆಗೂ ಬಾವಿಗೂ ಇಳಿದು ಬಂದ ವಾಂತಿಭೇದಿಯನ್ನೂ ಮರೆತು ಹಳೆಯದನ್ನು ಹೊಗಳುವುದು ಸತ್ಯಕ್ಕೆ ದ್ರೋಹವಾಗುತ್ತದೆ.

ಪೇಟೆ ಬೆಳೆದಂತೆ ಮೊದಲು ಹೋದುದು ಹಿತ್ತಲು. ಅಣ್ಣತಮ್ಮಂದಿರು ಪಾಲಾದಾಗ ಹಿತ್ತಲಿನಲ್ಲಿ ಗೋಡೆಯೆದ್ದಿತು, ಗೋಡೆಯ ಮೇಲೆ ಮಾಳಿಗೆಯೆದ್ದಿತು, ಬಚ್ಚಲಿನ ಕಂಡಿಯು ಬೀದಿಯ ಕಡೆಗೆ ತಿರುಗಿತು. ಬೀದಿಯ ಎರಡು ಅಂಚಿನ ಕಲ್ಲುಮೋರಿಗಳಲ್ಲಿ ಎಲ್ಲರ ಮನೆಯ ನೀರೂ ಒಟ್ಟುಗೂಡಿ, ಇಳುಕಲು ಇದ್ದೆಡೆ ಹರಿದು, ಇಲ್ಲದೆಡೆ ನಿಂತು ಕಪ್ಪಾಯಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಮೈಸೂರು ಸಂಸ್ಥಾನವನ್ನೆಲ್ಲ ನಡುಗಿಸಿದ ಮೇಲೆ, ಬೆಳಕು ಗಾಳಿ ಚರಂಡಿಗಳ ಮಾತು ಸರಕಾರದ ಕಚೇರಿಗಳಲ್ಲಿ ಗಂಭೀರವಾಗಿ ಕೇಳಿಬಂದಿತು. ಬಸವನಗುಡಿ ಮಲ್ಲೇಶ್ವರಗಳ ಹೊಸ ಬಡಾವಣೆಗಳಲ್ಲಿ ಮನೆಗಳ ಬೆನ್ನ ಹಿಂದೆ ಒಂದು ಕಿರಿದಾದ ಓಣಿಯನ್ನು ಬಿಟ್ಟರು. ಕನ್ಸರ್ವೆನ್ಸಿ ಗಲ್ಲಿಯೆಂದು ಅದಕ್ಕೆ ಹೆಸರಾಯಿತು. ಅದರ ಉದ್ದೇಶವನ್ನು ಸ್ಪಷ್ಟವಾಗಿಯೇ ಹೇಳಬೇಕು. ಮನೆಯ ಹಿಂದಿನ ಕಕ್ಕಸಿನ ಮಲವನ್ನು ತೆಗೆದು ತಲೆಯ ಮೇಲೆ ಹೊತ್ತೊಯ್ಯುವ ಮನುಷ್ಯನು ಮುಂದಿನ ಬೀದಿಯಲ್ಲಿ ಯಾರ ಕಣ್ಣಿಗೂ ಬೀಳಬಾರದು ಎಂಬುದೇ ಆ ಓಣಿಯ ಉದ್ದೇಶ.

ಚರಂಡಿಯ ಚರಿತ್ರೆಯಲ್ಲಿ ಕೊಳವೆ ಬರುವುದಕ್ಕಿಂತ ಮುಂಚೆ ಕೊಳವೆಯ ಸ್ಥಾನದಲ್ಲಿ ನಿಂತವನು ಈ ಮನುಷ್ಯ. ಮುನಿಸಿಪಾಲಿಟಿಯ ಕಾಗದಗಳಲ್ಲಿ ಜಾಡಮಾಲಿಯೆಂದು ಕರೆಸಿಕೊಂಡ ಇವರಲ್ಲಿ ಹಲವರು ತೆಲುಗನ್ನು ಮನೆಮಾತಾಗಿ ಉಳ್ಳವರು, ಅಸ್ಪೃಶ್ಯರೆನಿಸಿದ ಜಾತಿಗಳವರು. ನೆರೆಯ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ನೆಲದ ಕೆಳಗೆ ಮೈಲಿಗಟ್ಟಲೆ ಸುರಂಗ ತೋಡಿ, ಆ ಆಳಕ್ಕೆ ಗಾಳಿಯನ್ನೂ ವಿದ್ಯುತ್ತನ್ನೂ ಇಳಿಸಿದ ಯಂತ್ರವಿದ್ಯೆಯು ನೆಲದ ಮೇಲಣ ಕಾರ್ಮಿಕರ ಸಾಲುಮನೆಗಳ ಕಕ್ಕಸನ್ನು ಮಾತ್ರ ಮನುಷ್ಯನ ಕೈಗೇ ಬಿಟ್ಟಿತ್ತು. ಅದನ್ನು ಬಾಲ್ಯದಲ್ಲಿ ಕಂಡು ನೊಂದ ಬೆಜವಾಡ ವಿಲ್ಸನ್ನರು ಮುಂದೆ ಈ ಪದ್ಧತಿಯ ವಿರುದ್ಧ ದೇಶವ್ಯಾಪಿಯಾದ ಚಳವಳಿಯನ್ನು ಕಟ್ಟಿದರು. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ ಕೀರ್ತಿಯು ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರಿಗೆ ಸಲ್ಲುತ್ತದೆ. ಕೇಂದ್ರದ ಶಾಸನಗಳು 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಬಂದವು. ಶಾಸನ ಬಂದ ಮೇಲೆಯೂ ಗುಂಡಿಯೊಳಗೆ ಇಳಿದು ಸತ್ತವರ ಸುದ್ದಿ ನಿಂತಿಲ್ಲ. ಸರ್ವೋಚ್ಚ ನ್ಯಾಯಾಲಯವು ಇಂತಹ ಮೃತರ ಕುಟುಂಬಕ್ಕೆ 2014ರಲ್ಲಿ 10 ಲಕ್ಷ ರೂಪಾಯಿಗಳನ್ನೂ 2023ರಲ್ಲಿ 30 ಲಕ್ಷ ರೂಪಾಯಿಗಳನ್ನೂ ಪರಿಹಾರವಾಗಿ ನಿಗದಿಮಾಡಬೇಕಾಗಿ ಬಂದುದೇ ಇದಕ್ಕೆ ಸಾಕ್ಷಿ.

ಈ ಸೀಮೆಯ ಚರಿತ್ರೆಯಲ್ಲಿ ಒಂದು ವಿಚಿತ್ರ ಸಂಯೋಗವಿದೆ. ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಚಿಕ್ಕಬಳ್ಳಾಪುರದಲ್ಲಿಯೇ ಬಾಲ್ಯದ ವಿದ್ಯಾಭ್ಯಾಸವನ್ನು ಮಾಡಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ನಾವು ಕೃಷ್ಣರಾಜಸಾಗರದ ಕಟ್ಟೆಯೊಂದಿಗೆ ಸೇರಿಸಿ ಸ್ಮರಿಸುತ್ತೇವೆ. ಆದರೆ 1884ರಲ್ಲಿ ಮುಂಬಯಿ ಸರಕಾರದ ಮರಾಮತ್ತು ಇಲಾಖೆಯನ್ನು ಸೇರಿದ ಅವರು, ಅಲ್ಲಿಯ ಸೇವೆಯಲ್ಲಿ ಸ್ಯಾನಿಟರಿ ಎಂಜಿನಿಯರರ ಹುದ್ದೆಯನ್ನೂ ವಹಿಸಿ, ಊರುಗಳಿಗೆ ಶುದ್ಧ ನೀರನ್ನು ಒದಗಿಸುವ ಮತ್ತು ಕೊಳೆಯ ನೀರನ್ನು ಸಾಗಿಸುವ ಯೋಜನೆಗಳಲ್ಲಿ ತಮ್ಮ ಯೌವನದ ಬಹುಭಾಗವನ್ನು ಕಳೆದವರು. ಸಿಂಧಿನ ಸಕ್ಕರಿನ ನೀರು ಸರಬರಾಜು ಅವರ ಆರಂಭದ ಕೆಲಸಗಳಲ್ಲೊಂದು. 1906ರಲ್ಲಿ ಹನಿ ನೀರಿಗೂ ಪರದಾಡುವ ಏಡನ್ನಿಗೆ ಹೋಗಿ ಅಲ್ಲಿಯ ನೀರು ಮತ್ತು ಚರಂಡಿಗಳ ವಿಷಯದಲ್ಲಿ ಸಲಹೆಯಿತ್ತರು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಯು ಉಕ್ಕಿ ಹೈದರಾಬಾದನ್ನು ಕೊಚ್ಚಿದ ಮೇಲೆ ನಿಜಾಮರ ಸರಕಾರವು ಅವರನ್ನು ಕರೆಸಿದಾಗ, ಪ್ರವಾಹನಿಯಂತ್ರಣದ ಜೊತೆಗೆ ಆ ನಗರದ ಒಳಚರಂಡಿಯ ಯೋಜನೆಯನ್ನೂ ಸಿದ್ಧಪಡಿಸಿದರು. ಕಟ್ಟೆಯನ್ನು ಕಟ್ಟಿದ ಕೀರ್ತಿಗಿಂತ ಈ ಕೀರ್ತಿಯು ಕಡಿಮೆಯದಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಕಟ್ಟೆಯ ನೀರನ್ನು ನೋಡಲು ಜನ ಹೋಗುತ್ತಾರೆ, ಚರಂಡಿಯನ್ನು ನೋಡಲು ಯಾರೂ ಹೋಗುವುದಿಲ್ಲ, ಆದರೆ ಶಿಶುಗಳ ಪ್ರಾಣವನ್ನು ಉಳಿಸುವುದರಲ್ಲಿ ಎರಡನೆಯದರ ಪಾಲು ದೊಡ್ಡದು. ಇಂತಹ ಮಹನೀಯರ ಜನ್ಮಸೀಮೆಯ ಪೇಟೆಗಳು ಮಾತ್ರ ಒಳಚರಂಡಿಗಾಗಿ ಬಹುಕಾಲ ಕಾದವು. ಸಣ್ಣ ಊರುಗಳ ನೀರು ಮತ್ತು ಒಳಚರಂಡಿಗಳ ಹೊಣೆಯನ್ನು ಹೊತ್ತ ಕರ್ನಾಟಕದ ಮಂಡಳಿಯು ಸ್ಥಾಪಿತವಾದುದೇ 1975ರಲ್ಲಿ.

ಮೈಸೂರಿನ ದಿವಾನರಾಗಿದ್ದಾಗ ವಿಶ್ವೇಶ್ವರಯ್ಯನವರು ಪ್ರೋತ್ಸಾಹಿಸಿದ ಕೈಗಾರಿಕೆಗಳಲ್ಲಿ ಸಾಬೂನಿನದೂ ಒಂದು. 1918ರಲ್ಲಿ ಬೆಂಗಳೂರಿನಲ್ಲಿ ಸರಕಾರಿ ಕಾರ್ಖಾನೆಯು ಗಂಧದ ಸಾಬೂನನ್ನು ತಯಾರಿಸತೊಡಗಿತು. ಸೀಗೆಪುಡಿಯು ಹಿಂದೆ ಸರಿದು ಸಾಬೂನು ಬಚ್ಚಲನ್ನು ಹೊಕ್ಕ ಮೇಲೆ ಬಾಳೆಯ ಬುಡದ ನೀರಿನ ಗುಣವೂ ಮೆಲ್ಲಮೆಲ್ಲನೆ ಬದಲಾಯಿತು. ಬಟ್ಟೆಯ ಪುಡಿಗಳೂ ಪಾತ್ರೆಯ ಪುಡಿಗಳೂ ಬಂದುದು ಆಮೇಲಿನ ಮಾತು.

ಇನ್ನು ಕೊಳವೆಯ ಕಥೆ. ಚರಂಡಿಯನ್ನು ಮುಚ್ಚಬೇಕೆಂಬುದು ಹೊಸ ಬುದ್ಧಿಯೇನಲ್ಲ. ಮೊಹೆಂಜೊದಾರೊದ ಇಟ್ಟಿಗೆಯ ಮನೆಗಳ ಬಚ್ಚಲುಗಳು ಬೀದಿಯ ಮುಚ್ಚಿದ ಚರಂಡಿಗಳಿಗೆ ಕೂಡಿಕೊಂಡಿದ್ದವು. ಮುಚ್ಚಿದ ಕೂಡಲೇ ಹೊಸತೊಂದು ಪ್ರಶ್ನೆಯೇಳುತ್ತದೆ: ಒಳಗೆ ಹುಟ್ಟಿದ ವಾಯುವು ಎಲ್ಲಿಗೆ ಹೋಗಬೇಕು? ಲಂಡನ್ನಿನ ಅಲೆಕ್ಸಾಂಡರ್ ಕಮ್ಮಿಂಗನು 1775ರಲ್ಲಿ ಬಾಗಿದ ಕೊಳವೆಯಲ್ಲಿ ಸದಾ ಸ್ವಲ್ಪ ನೀರು ನಿಲ್ಲುವಂತೆ ಮಾಡಿ, ಆ ನೀರನ್ನೇ ವಾಯುವಿಗೆ ಬಾಗಿಲಾಗಿಸುವ ಉಪಾಯಕ್ಕೆ ಹಕ್ಕುಪತ್ರವನ್ನು ಪಡೆದನು. 1858ರ ಬೇಸಗೆಯಲ್ಲಿ ಥೇಮ್ಸ್ ನದಿಯ ದುರ್ನಾತವನ್ನು ತಾಳಲಾರದೆ ಪಾರ್ಲಿಮೆಂಟು ತಲ್ಲಣಿಸಿದ ಮೇಲೆ ಎಂಜಿನಿಯರ್ ಬಾಜಲ್‌ಗೆಟ್ಟನು ಆ ನಗರಕ್ಕೆ ಮಹಾಚರಂಡಿಗಳನ್ನು ಕಟ್ಟಿದನು. ಆದರೆ ಕಮ್ಮಿಂಗನ ನಿಂತ ನೀರಿನ ಬಾಗಿಲು ಬಹಳ ದುರ್ಬಲವಾದುದು. ಅದರ ಆಳ ಸಾಮಾನ್ಯವಾಗಿ 2 ಅಂಗುಲ ಮಾತ್ರ. ಮಾಳಿಗೆಯ ಮೇಲೆ ಯಾರೋ ಒಂದು ಬಕೆಟ್ ನೀರನ್ನು ಒಮ್ಮೆಲೆ ಸುರಿದರೆ, ಆ ನೀರು ಕೊಳವೆಯನ್ನು ತುಂಬಿ ಕೆಳಕ್ಕೆ ಧಾವಿಸುವಾಗ ತನ್ನ ಮುಂದಿನ ಗಾಳಿಯನ್ನು ತಳ್ಳುತ್ತದೆ, ಹಿಂದಿನ ಗಾಳಿಯನ್ನು ಸೆಳೆಯುತ್ತದೆ. ಗಾಳಿಗೆ ಬೇರೆ ದಾರಿಯಿಲ್ಲದಿದ್ದರೆ ಪಕ್ಕದ ಬಾಗುಕೊಳವೆಗಳಲ್ಲಿ ನಿಂತಿದ್ದ ನೀರೂ ಆ ಸೆಳೆತಕ್ಕೆ ಸಿಕ್ಕಿ ಗಳಗಳನೆ ಸದ್ದು ಮಾಡುತ್ತ ಹೊರಟುಹೋಗುತ್ತದೆ. ಅನಂತರ ಆ ಮನೆಯೊಳಗೆ ದುರ್ವಾಸನೆಗೆ ತಡೆಯೇ ಇಲ್ಲ. ಇದಕ್ಕೆ ಪರಿಹಾರವೆಂದರೆ ಕೊಳವೆಗೆ ಉಸಿರಾಡುವ ದಾರಿಯನ್ನು ಬಿಡುವುದು: ಮಲದ ಕೊಳವೆಯನ್ನು ತಾರಸಿಯ ಮೇಲಕ್ಕೆ ಒಯ್ದು ಬಾಯಿ ತೆರೆದಿಡುವುದು, ಬಾಗುಕೊಳವೆಗಳ ಹಿಂದಿನಿಂದ ಬೇರೊಂದು ಗಾಳಿಕೊಳವೆಯನ್ನು ಎತ್ತಿ ಅದಕ್ಕೆ ಸೇರಿಸುವುದು.

ತೆರೆದ ಮೋರಿಗೆ ಈ ಉಪಚಾರ ಬೇಕಾಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ನಮ್ಮ ಸಣ್ಣ ಪೇಟೆಗಳವರು ಮುಚ್ಚುವ ವಿದ್ಯೆಯನ್ನು ಕಲಿತರು, ಉಸಿರು ಬಿಡಿಸುವ ವಿದ್ಯೆಯನ್ನು ಕಲಿಯಲಿಲ್ಲ. ಸರಕಾರಿ ವಸತಿಗೃಹಗಳಲ್ಲಿಯೂ ರೈಲ್ವೆಯ ಕಟ್ಟಡಗಳಲ್ಲಿಯೂ ಬೀಡುಕಬ್ಬಿಣದ ಕೊಳವೆಗಳನ್ನು ಸೆಣಬು ತುರುಕಿ, ಸೀಸ ಕರಗಿಸಿ ಹೊಯ್ದು ಜೋಡಿಸುತ್ತಿದ್ದ ಕಾಲದಲ್ಲಿ ಗಾಳಿಕೊಳವೆಯು ನಕ್ಷೆಯಲ್ಲಿಯೇ ಇರುತ್ತಿತ್ತು. ಖಾಸಗಿ ಮನೆಗಳಲ್ಲಿ ನಕ್ಷೆಯೆಂಬುದೇ ಇರಲಿಲ್ಲ. ಕಂದುಬಣ್ಣದ ಹೊಳಪು ಮಣ್ಣಿನ ಸ್ಟೋನ್‌ವೇರ್ ಪೈಪು ಬಂದಿತು, ಸಿಮೆಂಟ್ ಪೈಪು ಬಂದಿತು, ಕೊನೆಗೆ ಪಿವಿಸಿ ಬಂದಿತು. ಹಿತ್ತಲಿನ ಉಳಿದ ಚೂರಿನಲ್ಲಿ ಗುಂಡಿ ತೋಡಿ ಕಲ್ಲು ಕಟ್ಟಿದ್ದಾಯಿತು. ಆ ಗುಂಡಿಯ ಮೇಲೆ ನಿಲ್ಲಬೇಕಾದ ಗಾಳಿ ಪೈಪನ್ನು ಬೇಡದ ಖರ್ಚೆಂದೋ, ನೋಟಕ್ಕೆ ಅಸಹ್ಯವೆಂದೋ ಕೈಬಿಟ್ಟವರು ಬಹುಮಂದಿ. ಕೆಲವೆಡೆ ಅದು ಇದ್ದರೂ ಪಕ್ಕದ ಮನೆಯ ಮಾಳಿಗೆಯ ಕಿಟಕಿಗೆ ನೇರವಾಗಿ ನಿಂತು ಜಗಳಕ್ಕೆ ಕಾರಣವಾಯಿತು.

ಶಿಡ್ಲಘಟ್ಟದಲ್ಲಿ ಚರಂಡಿಗೆ ಇನ್ನೊಂದು ಭಾರವೂ ಇದೆ. ಏಷ್ಯಾಖಂಡದಲ್ಲಿಯೇ ದೊಡ್ಡದೆನಿಸಿಕೊಂಡ ಗೂಡಿನ ಮಾರುಕಟ್ಟೆಗಳಲ್ಲೊಂದು ಅಲ್ಲಿರುವುದರಿಂದ, ರೇಷ್ಮೆ ಬಿಚ್ಚಣಿಕೆಯು ಮನೆಮನೆಯ ಕಸುಬಾಗಿ ಬೆಳೆದಿದೆ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿದಾಗ ನೂಲನ್ನು ಅಂಟಿಸಿಕೊಂಡಿರುವ ಸೆರಿಸಿನ್ ಎಂಬ ಸಸಾರಜನಕವು ಕರಗಿ ನೀರಿಗಿಳಿಯುತ್ತದೆ. ಸತ್ತ ಹುಳುವಿನ ಎಣ್ಣೆಯೂ ಸೇರುತ್ತದೆ. ಹಳದಿಯಾಗಿ ನೊರೆಗಟ್ಟುವ ಆ ನೀರು ಮೋರಿಯಲ್ಲಿ ಒಂದು ದಿನ ನಿಂತರೆ ಸಾಕು, ಅಪರಿಚಿತನಿಗೆ ಆ ಬೀದಿಯ ಕಸುಬು ಯಾವುದೆಂದು ಯಾರೂ ಹೇಳಬೇಕಾಗಿಲ್ಲ. ಊರಿಗೆ ಅನ್ನವನ್ನೂ ಮರ್ಯಾದೆಯನ್ನೂ ಕೊಟ್ಟ ಕಸುಬು ಇದು. ಚರಕದ ಮುಂದೆ ಬಿಸಿನೀರಿನಲ್ಲಿ ಬೆರಳಿಟ್ಟು ದಿನವೆಲ್ಲ ದುಡಿಯುವವರ ಮನೆಯ ಬಾಗಿಲಲ್ಲಿಯೇ ಆ ನೀರು ಕೊಳೆಯುವುದು ಅನ್ಯಾಯ. ಮನೆಬಳಕೆಯ ಕೊಳವೆಗೆ ಈ ನೀರನ್ನು ಸೇರಿಸಿದರೆ ಅಂಟು ಹಿಡಿದು ಕೊಳವೆಯೂ ಕಟ್ಟಿಕೊಳ್ಳುವುದುಂಟು. ಬಿಚ್ಚಣಿಕೆಯ ನೀರಿಗೆ ಮೊದಲು ಬೇರೆ ತೊಟ್ಟಿಯಲ್ಲಿ ತಂಗುವ ಏರ್ಪಾಡು ಇರಲೇಬೇಕು.

ಇಷ್ಟರಲ್ಲಿ ಬಾವಿಗಳು ಬತ್ತಿದವು. ಕೊಳವೆಬಾವಿಗಳು 1000 ಅಡಿಯನ್ನೂ ಮೀರಿ ಇಳಿದವು, ಮೇಲೆ ಬಂದ ನೀರಿನಲ್ಲಿ ಫ್ಲೋರೈಡು ಬಂದಿತು. ಹಿತ್ತಲಿನ ಬಾಳೆಗೆ ಹೋಗುತ್ತಿದ್ದ ನೀರು ಯಾರಿಗೂ ಸಲ್ಲದೆ ನೆಲದೊಳಗಿನ ಕೊಳವೆಯಲ್ಲಿ ಹೊರಟುಹೋದರೆ, ಅದೇ ಸೀಮೆಯ ಕೆರೆಗಳನ್ನು ತುಂಬಿಸಲು ಬೆಂಗಳೂರಿನ ಬಚ್ಚಲಿನ ನೀರನ್ನು ತರಬೇಕಾಯಿತು. ಕೋರಮಂಗಲ ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಲ್ಲಿ ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ಚಿಂತಾಮಣಿ ತಾಲ್ಲೂಕಿನ ಕೆಲವು ಕೆರೆಗಳೂ ಆ ಯೋಜನೆಯ ವ್ಯಾಪ್ತಿಯಲ್ಲಿ ಸೇರಿದವು. ಹೆಬ್ಬಾಳ ನಾಗವಾರ ಕಣಿವೆಯಿಂದ ದಿನಕ್ಕೆ 210 ದಶಲಕ್ಷ ಲೀಟರು ನೀರನ್ನು ಎತ್ತಿ ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ಕೊಡುವ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಊರಿನ ಅಂಚಿನ ಕಂದವಾರ ಕೆರೆಯೂ ಸೇರಿದೆ. ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆಯೆದ್ದಾಗ ಜನರು ಗಾಬರಿಗೊಂಡರು, ವಿಷಯವು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಎರಡು ಹಂತದ ಸಂಸ್ಕರಣ ಸಾಲದು, ಮೂರನೆಯ ಹಂತವೂ ಬೇಕೆಂದು ಈ ಜಿಲ್ಲೆಗಳ ನೀರಾವರಿ ಹೋರಾಟಗಾರರು ಇಂದಿಗೂ ಆಗ್ರಹಿಸುತ್ತಿದ್ದಾರೆ. ಅವರ ಆಗ್ರಹವು ನ್ಯಾಯವಾದುದು. ಕೆರೆಯ ಕೆಳಗಿನ ಬಾವಿಗಳಲ್ಲಿ ನೀರಿನ ಮಟ್ಟವೇರಿದಾಗ ರೈತನಿಗಾದ ಸಂತೋಷವೂ ಅಷ್ಟೇ ನಿಜ. ಮಹಾನಗರದ ಸ್ನಾನದ ನೀರನ್ನು ಬೆಟ್ಟ ಹತ್ತಿಸಿ ತರಲು ಒಪ್ಪಿದ ನಾವು, ನಮ್ಮದೇ ಬಚ್ಚಲಿನ ನೀರನ್ನು ಹತ್ತು ಗಜದ ಆಚೆಯ ಗಿಡಕ್ಕೆ ಹರಿಸಲು ಮರೆತಿರುವುದನ್ನು ಕಂಡಾಗ ನನಗೆ ನಿಜವಾಗಿಯೂ ವ್ಯಥೆಯಾಗುತ್ತದೆ.

ಈಗ ಈ ಪೇಟೆಗಳಲ್ಲಿ, ಜನರ ಬಾಯಲ್ಲಿ ಯುಜಿಡಿ ಎನಿಸಿಕೊಂಡ ಒಳಚರಂಡಿಗೆ ಸಂಪರ್ಕ ಪಡೆಯುವ ಸಲುವಾಗಿ ಹಳೆಯ ಮನೆಗಳ ನೆಲವನ್ನು ಒಡೆಯುತ್ತಾರೆ. ಒಡೆದಾಗ ಕಾಣುವ ಪದರಗಳನ್ನು ಮೇಸ್ತ್ರಿಯ ಪಕ್ಕದಲ್ಲಿ ಕುಳಿತು ನೋಡಬೇಕು. ಮೇಲೆ ಹೊಸ ಟೈಲು, ಅದರಡಿ ಕೆಂಪು ರೆಡ್‌ಆಕ್ಸೈಡಿನ ನೆಲ, ಅದರಡಿ ಬೂದುಬಣ್ಣದ ಪಿವಿಸಿ. ಅದಕ್ಕೆ ಸರಿಯಾಗಿ ಕೂಡದೆ ಸಿಮೆಂಟಿನಲ್ಲಿ ಮೆತ್ತಿದ ಸ್ಟೋನ್‌ವೇರ್ ತುಂಡು, ಅದರ ಕೀಲಿನೊಳಗೆ ನುಸುಳಿ ಒಳಗೆಲ್ಲ ಹರಡಿಕೊಂಡ ಬೇವಿನ ಬೇರು. ಎಲ್ಲಕ್ಕೂ ಕೆಳಗೆ, ಇಂದಿಗೂ ಇಳುಕಲು ತಪ್ಪದೆ ಮಲಗಿರುವ ಕಲ್ಲಿನ ಕಾಲುವೆ. ಆ ಕಲ್ಲನ್ನು ಮುತ್ತಜ್ಜನ ಕಾಲದ ಕಲ್ಲುಕುಟಿಗನು ಯಾವ ಉಪಕರಣದಿಂದ ಮಟ್ಟ ನೋಡಿ ಹಾಸಿದನೋ. ಬಹುಶಃ ಚೊಂಬು ನೀರನ್ನು ಸುರಿದು ಅದು ಹರಿಯುವ ಪರಿಯನ್ನು ನೋಡಿಯೇ ಇರಬೇಕು. ಮೇಲಿನ ಪಿವಿಸಿಯು ಅನೇಕ ಕಡೆ ಎದುರು ಇಳುಕಲಿನಲ್ಲಿ ಬಿದ್ದಿರುತ್ತದೆ.

ಇಂತಹ ಮನೆಯನ್ನು ಸರಿಪಡಿಸುವವರು ನಾಲ್ಕು ಅಂಗುಲದ ಕೊಳವೆಗೆ 40 ಅಡಿಗೆ 1 ಅಡಿಯ ಇಳುಕಲು ಇರಬೇಕೆಂಬ ಹಳೆಯ ಸೂತ್ರವನ್ನು ಪಾಲಿಸಿದರೆ ಕೆಲಸದ ಅರ್ಧಭಾಗ ಮುಗಿಯಿತು. ತಿರುವು ಬಂದೆಡೆಯಲ್ಲೆಲ್ಲ ಮುಚ್ಚಳ ತೆಗೆದು ನೋಡಬಹುದಾದ ಛೇಂಬರು ಬೇಕು. ಮನುಷ್ಯನು ಒಳಗೆ ಇಳಿಯದೆ ಮೇಲಿನಿಂದಲೇ ಕೋಲು ಹಾಕಿ ಕೆಸರು ತೆಗೆಯುವಷ್ಟು ಅದರ ಆಳ ಅಗಲಗಳಿರಬೇಕು. ಮಲದ ಕೊಳವೆಯ ತಲೆಯನ್ನು ತಾರಸಿಯ ಕೈಪಿಡಿಗೋಡೆಗಿಂತ ಎತ್ತರಕ್ಕೆ, ನೆರೆಮನೆಯ ಕಿಟಕಿಗಿಂತಲೂ ಎತ್ತರಕ್ಕೆ ಒಯ್ದು, ಹಕ್ಕಿ ಗೂಡು ಕಟ್ಟದಂತೆ ಅದಕ್ಕೆ ಬಲೆಯ ಟೋಪಿಯನ್ನು ತೊಡಿಸಬೇಕು. ಸ್ನಾನದ ನೀರಿನ ಕೊಳವೆಯನ್ನು ಮಲದ ಕೊಳವೆಗೆ ಬೆರೆಸದೆ ಬೇರೆಯಾಗಿಯೇ, ಮನೆಯ ಹೊರಗೆ ನೀರು ನಿಂತು ವಾಸನೆಯನ್ನು ತಡೆಯುವ ಗಲ್ಲಿ ಟ್ರ್ಯಾಪಿನವರೆಗೆ ತಂದರೆ, ಅಲ್ಲಿಂದ ಬೇಕೆಂದಾಗ ಗಿಡಕ್ಕೆ, ಬೇಡವೆಂದಾಗ ಚರಂಡಿಗೆ ತಿರುಗಿಸಲು ಒಂದು ಅಡ್ಡಹಲಗೆ ಸಾಕು. ಬೇಸಗೆಯಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೋಗುವವರು ಹೊರಡುವ ಮುನ್ನ ಬಚ್ಚಲಿನ ನೆಲದ ಪ್ರತಿಯೊಂದು ಬಾಗುಕೊಳವೆಗೂ, ಎಂದರೆ ನಹಾನಿ ಟ್ರ್ಯಾಪಿಗೂ, ಒಂದು ಚೊಂಬು ನೀರು ಸುರಿದು, ಮೇಲೆ ಒಂದು ಚಮಚ ಎಣ್ಣೆಯನ್ನೂ ಬಿಟ್ಟು ಹೋದರೆ ಆ ನೀರು ಬೇಗ ಆವಿಯಾಗುವುದಿಲ್ಲ. ಕಲ್ಲಿನ ಹಳೆಯ ಕಾಲುವೆಯನ್ನು ಕೀಳಿಸುವುದು ಅನಗತ್ಯ. ಅದರ ಬಾಯಿಯನ್ನು ಶುದ್ಧಮಾಡಿ ಮಾಳಿಗೆಯ ಮಳೆನೀರನ್ನು ಅದರಲ್ಲಿ ಬಿಟ್ಟವರೂ ಇದ್ದಾರೆ, ಆ ನೀರು ಈಗ ಹಿತ್ತಲಿನ ಇಂಗುಗುಂಡಿಗೆ ಹೋಗುತ್ತದೆ.